ತವರ ಸರಕು

ನಮ್ಮೂರಿನ ಸೇತುವೆಯ ನಟ್ಟನಡುವೆ ಒಂದು ಕಲ್ಲಿನ ಹೊಸ್ತಿಲಿದೆ. ಅದರಿಂದ ಈ ಕಡೆಗೆ ನಮ್ಮ ದೇಶ, ಆ ಕಡೆಗೆ ಅವರ ದೇಶ. ನಮ್ಮ ಕಡೆಯನ್ನು ನಾವು ಈಚೆ ಎನ್ನುತ್ತೇವೆ, ಅವರ ಕಡೆಯನ್ನು ಆಚೆ ಎನ್ನುತ್ತೇವೆ. ಅವರು ತಮ್ಮದನ್ನೇ ಈಚೆ ಎಂದುಕೊಂಡು ನಮ್ಮನ್ನು ಆಚೆಯವರು ಎನ್ನುತ್ತಾರಂತೆ. ಎಷ್ಟು ಸೊಕ್ಕು ನೋಡಿ. ನಾನು ಹೇಳುವ ಕಥೆಯಲ್ಲಿ ಈಚೆ ಎಂದರೆ ನಮ್ಮದೇ. ಇದೊಂದು ಮೊದಲೇ ತೀರ್ಮಾನವಾಗಿಬಿಡಲಿ.

ಹೊಸ್ತಿಲಿನ ಎರಡೂ ಮಗ್ಗುಲಿಗೆ ಒಂದೊಂದು ಸುಂಕದ ಕಟ್ಟೆ, ಒಂದೊಂದು ಬೋರ್ಡು. ಬೋರ್ಡಿನಲ್ಲಿ ಬರೆದಷ್ಟು ಸುಂಕವನ್ನು ಹೊಸ್ತಿಲು ತಾನೇ ಮುರಿದುಕೊಳ್ಳುತ್ತದೆ. ಬೆಲ್ಲಕ್ಕೆ ಎರಡಾಣೆ ಎಂದು ಬರೆದಿದ್ದರೆ ದಾಟಿದ ಬೆಲ್ಲದಲ್ಲಿ ಎರಡಾಣೆ ಪಾಲು ಸಿಹಿ ಇರುವುದಿಲ್ಲ. ಅಚ್ಚು ಅದೇ, ತೂಕವೂ ಅದೇ, ಸಿಹಿ ಮಾತ್ರ ಹದಿನಾರರಲ್ಲಿ ಹದಿನಾಲ್ಕಾಣೆ. ಹೀಗೇ ಮೆಣಸಿನಕಾಯಿಯಲ್ಲಿ ಖಾರ, ಹುಣಸೆಯಲ್ಲಿ ಹುಳಿ, ಸೀರೆಯಲ್ಲಿ ಬಣ್ಣ, ಬಳೆಯಲ್ಲಿ ಸದ್ದು. ಹೋದದ್ದೆಲ್ಲ ಕಟ್ಟೆಯ ಒಳಗಿರುವ ತಾಮ್ರದ ಹಂಡೆಗಳಲ್ಲಿ ತುಂಬಿಕೊಳ್ಳುತ್ತದೆ. ದೋಣಿ ಹತ್ತಿ ಹೊಳೆ ದಾಟಿದರೂ ತಪ್ಪಿಸಿಕೊಳ್ಳುವಂತಿಲ್ಲ, ಹೊಸ್ತಿಲಿನ ನೇರ ಹೊಳೆಯ ಉದ್ದಕ್ಕೂ ಇದೆ. ದಾಟುವಾಗ ಕಟ್ಟೆಯವರು "ಯಾರದು?" ಎಂದು ಕೇಳುತ್ತಾರೆ. ಹೊತ್ತವರು ಸುಮ್ಮನಿರಬೇಕು. ಕಳಿಸಲು ಬಂದವರು ಹೊಸ್ತಿಲ ಮೇಲೆ ನಿಂತು ಉತ್ತರ ಹೇಳಬೇಕು. ಹೇಳಿದ ಮಾತು ಆಮೇಲೆ ಸುಳ್ಳಾದರೆ, ಎಷ್ಟು ದಿನ ಕಳೆದಿದ್ದರೂ ಸರಿ, ಹೊಸ್ತಿಲು ಅಂದು ಬಿಟ್ಟಿದ್ದನ್ನು ಆ ಕ್ಷಣವೇ ಎಳೆದುಕೊಳ್ಳುತ್ತದೆ.

ನನ್ನ ಹೆಸರು ಅಕ್ಕಮ್ಮ. ಕಲಾಯಿ ಅಕ್ಕಮ್ಮ ಎಂದರೆ ಎರಡೂ ಕಡೆ ಗೊತ್ತು. ತಾಮ್ರ ಹಿತ್ತಾಳೆ ಪಾತ್ರೆಗಳನ್ನು ಕಾಯಿಸಿ, ನವಸಾಗರ ಎರಚಿ, ಒಳಮೈಗೆ ತವರ ಬಳಿದು ಹತ್ತಿಯಿಂದ ಒರೆಸುವುದು ನನ್ನ ಕೆಲಸ. ಗಂಡ ಕಲಿಸಿಕೊಟ್ಟು ಹೋದರು. ಅವರು ಹೋದ ಮೇಲೆ ತಿದಿ ಒತ್ತುವುದೂ ನಾನೇ, ಗಿರಾಕಿಗಳ ಜತೆ ಜಗಳ ಆಡುವುದೂ ನಾನೇ. ಎರಡನೆಯದರಲ್ಲಿ ಅವರಿಗಿಂತ ನನ್ನ ಕೈ ಮೇಲು. ಒಬ್ಬಳೇ ಮಗಳು, ಮರುದೇವಿ. ಅವಳನ್ನು ಆಚೆಗೇ ಕೊಟ್ಟೆ. ಆಗ ಬೆಲ್ಲ ಬಿಟ್ಟರೆ ಬೇರೆ ಯಾವುದಕ್ಕೂ ಸುಂಕವಿರಲಿಲ್ಲ. ಜೊತೆಗೆ ಬೀಗರ ಮನೆ ನಮ್ಮ ಮನೆಯ ಎದುರು ದಂಡೆಯಲ್ಲೇ ಇತ್ತು. ಬೆಳಿಗ್ಗೆ ನಾನು ಹಿತ್ತಿಲಿಗೆ ಬಂದರೆ ಅವಳು ಆ ದಂಡೆಯಿಂದ "ಅವ್ವಾ" ಎಂದು ಕೂಗುತ್ತಿದ್ದಳು. ಮಗಳನ್ನು ಪಕ್ಕದ ಕೋಣೆಗೆ ಕಳಿಸಿದಷ್ಟೇ ನೆಮ್ಮದಿ.

ಬೀಗಿತ್ತಿ ಕುಸುಮಾಜಮ್ಮನವರೊಂದಿಗೆ ಮಾತ್ರ ನನಗೆ ಮದುವೆಯ ದಿನವೇ ಸರಿಹೋಗಲಿಲ್ಲ. ಮಗಳಿಗೆ ಪಾತ್ರೆಗಳ ಜತೆಗೆ ಒಂದು ಗಂಟು ತವರದ ಕಡ್ಡಿಯನ್ನೂ ಕೊಟ್ಟಿದ್ದೆ. ಕಲಾಯಿಯವಳ ಮಗಳ ಮನೆಯಲ್ಲಿ ಪಾತ್ರೆ ಕಿಲುಬು ಹಿಡಿಯಬಾರದು ಎಂದು. ಬೀಗಿತ್ತಿ ಗಂಟು ಬಿಚ್ಚಿ ನೋಡಿ, ತವರ ಅಗೆಯೋ ದೇಶಕ್ಕೆ ತವರ ಹೊತ್ಕೊಂಡು ಬಂದವ್ರೆ ಎಂದು ಛತ್ರ ತುಂಬ ನಗಿಸಿದರು. ಊಟಕ್ಕೆ ಕೂತಾಗ ನನ್ನ ಎಲೆಗೆ ಹೋಳಿಗೆ ಎರಡನೇ ಸಲ ಬರಲಿಲ್ಲ. ಮುಂದಿನ ಹಬ್ಬಕ್ಕೆ ನಾನು ಅವರಿಗೆ ತಾಂಬೂಲ ಕಳಿಸುವಾಗ ತೆಂಗಿನಕಾಯಿ ಮರೆತೆ. ಅವರು ನನ್ನ ಹೆಸರು ಹಿಡಿದು ಕರೆಯುವುದು ಬಿಟ್ಟು "ಕಲಾಯಿಯೋರು" ಎನ್ನತೊಡಗಿದರು. ಹೀಗೆ ದೇಶದೇಶಗಳು ಶುರುಮಾಡುವ ಮೊದಲೇ ನಾವಿಬ್ಬರು ಶುರುಮಾಡಿದ್ದೆವು.

ದೇಶಗಳ ಪಂದ್ಯ ಮೆಣಸಿನಕಾಯಿಯಿಂದ ಆರಂಭವಾಯಿತು. ಅವರು ನಮ್ಮ ಬೆಲ್ಲದ ಸುಂಕವನ್ನು ನಾಲ್ಕಾಣೆಗೆ ಏರಿಸಿದರು ಎಂದು ನಮ್ಮವರು ಅವರ ಮೆಣಸಿನಕಾಯಿಗೆ ನಾಲ್ಕಾಣೆ ಹಾಕಿದರು. ಅವರು ಸೀರೆಗೆ ಆರಾಣೆ ಎಂದರು. ನಮ್ಮವರು ಹುಣಸೆಗೆ ಎಂಟಾಣೆ ಎಂದರು. ಅಬ್ಬಾ, ಆ ದಿನಗಳು! ಬೆಳಗಾದರೆ ಊರಿಗೆ ಊರೇ ಸೇತುವೆಯ ಮೇಲೆ. ನಮ್ಮ ಕಟ್ಟೆಯ ಅಧಿಕಾರಿ ಗುರುವಯ್ಯ ಏಣಿ ಹತ್ತಿ, ಪಂಚೆ ಎತ್ತಿ ಕಟ್ಟಿ, ಬೋರ್ಡಿನ ಹಳೆಯ ಅಂಕಿ ಒರೆಸುವುದು. ನಾವೆಲ್ಲ ಉಸಿರು ಬಿಗಿಹಿಡಿದು ನಿಲ್ಲುವುದು. ಅವರು ಬೇಕೆಂದೇ ಬಣ್ಣದ ಡಬ್ಬಿಯನ್ನು ನಿಧಾನವಾಗಿ ಕಲಸುವುದು. ಹೊಸ ಅಂಕಿ ಬಿದ್ದ ಕೂಡಲೇ ಕೇಕೆ, ಶಿಳ್ಳೆ. ಆಚೆಯವರ ಬೋರ್ಡು ಏರಿದರೆ ಆ ಕಡೆ ಕೇಕೆ. ನಾನು ಒಲೆ ಆರಿಸಿ ಬಂದು ಮುಂದಿನ ಸಾಲಿನಲ್ಲೇ ನಿಲ್ಲುತ್ತಿದ್ದೆ. ಗುರುವಯ್ಯನಿಗೆ ಇನ್ನೂ ಎರಡಾಣೆ ಹಾಕಿ ಎಂದು ಕೂಗುತ್ತಿದ್ದವರಲ್ಲಿ ನನ್ನ ದನಿಯೇ ಎದ್ದು ಕೇಳುತ್ತಿತ್ತಂತೆ.

ಮನೆಗಳಲ್ಲಿ ಜನ ಹೊಂದಿಕೊಂಡರು. ಮೊದಲು ಎರಡು ಮೆಣಸಿನಕಾಯಿ ಹಾಕುತ್ತಿದ್ದಲ್ಲಿ ನಾಲ್ಕು ಹಾಕಿದರು, ಆಮೇಲೆ ಹಿಡಿ ಹಾಕಿದರು. ಕೊನೆಕೊನೆಗೆ ಮಕ್ಕಳು ಒಣಮೆಣಸಿನಕಾಯಿಯನ್ನು ಜೇಬಿಗೆ ತುಂಬಿಕೊಂಡು ಕಡಿಯುತ್ತ ಆಡಲು ಹೋಗುತ್ತಿದ್ದವು. ಹೊಸ ಬಳೆ ತೊಟ್ಟ ಹೆಂಗಸರು ಸದ್ದಿಲ್ಲದೆ ಹಿಂದೆ ಬಂದು ನಿಂತು ಗಂಡಂದಿರನ್ನು ಬೆಚ್ಚಿಬೀಳಿಸುತ್ತಿದ್ದರು. ಆಚೆಯ ಮದುವೆಗಳಲ್ಲಿ ನಮ್ಮ ಸೀರೆಯುಟ್ಟ ಮದುವಣಗಿತ್ತಿಯರು ಗಂಜಿ ಬಣ್ಣಕ್ಕೆ ತಿರುಗಿದ್ದರು ಎಂದು ಕೇಳಿ ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಆಮೇಲೆ ಹದಿನಾರಾಣೆಯ ದಿನ ಬಂತು. ಹದಿನಾರಾಣೆ ಎಂದರೆ ಪೂರ್ತಿ. ಗುರುವಯ್ಯ ಅಂದು ಬೋರ್ಡಿನ ಅಂಕಿಗಳನ್ನೆಲ್ಲ ಅಳಿಸಿ, "ಹೊತ್ತು ತಂದದ್ದಕ್ಕೆಲ್ಲ ಹದಿನಾರಾಣೆ" ಎಂದು ಈ ತುದಿಯಿಂದ ಆ ತುದಿಗೆ ದಪ್ಪಕ್ಷರದಲ್ಲಿ ಬರೆದರು. ನಾನು ಮಸಿಗೈಯಲ್ಲೇ ಚಪ್ಪಾಳೆ ತಟ್ಟಿದೆ. ಸಂಜೆಯೊಳಗೆ ಆಚೆಯವರೂ ಅಕ್ಷರಕ್ಕೆ ಅಕ್ಷರ ಅದನ್ನೇ ಬರೆದರು. ಮರುದಿನ ಬೆಳಿಗ್ಗೆ ಹಿತ್ತಿಲಿಗೆ ಹೋದೆ. ಎದುರು ದಂಡೆಯಲ್ಲಿ ಮರುದೇವಿ ನಿಂತಿದ್ದಳು, ಬಾಯಿ ತೆರೆದಳು. ಏನೂ ಕೇಳಿಸಲಿಲ್ಲ. ಅವಳ ಪಕ್ಕದಲ್ಲಿ ಯಾರೋ ಕಲ್ಲಿಗೆ ಬಟ್ಟೆ ಒಗೆಯುತ್ತಿದ್ದರು, ಅದೂ ಇಲ್ಲ. ಮಾತನ್ನು ಗಾಳಿ ಹೊತ್ತು ತರುತ್ತದೆ ಎನ್ನುವುದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಹೊಸ್ತಿಲಿಗೆ ಹೊಳೆದಿತ್ತು. ನಾನು ಚಪ್ಪಾಳೆ ತಟ್ಟಿದ ಕೈಯನ್ನೇ ನೋಡಿಕೊಂಡೆ. ಅಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿಲ್ಲ.

ಮರುದೇವಿಗೆ ಆಗ ಐದು ತಿಂಗಳು. ಬಸುರಿಗೆ ಬೇರೆ ಏನೂ ಸೇರುತ್ತಿರಲಿಲ್ಲ, ಸಿಹಿಯೊಂದೇ ಹೊಟ್ಟೆಯಲ್ಲಿ ನಿಲ್ಲುತ್ತಿತ್ತು. ಆಚೆಯಲ್ಲಿ ಉಪ್ಪು, ಹುಳಿ, ಖಾರ ಬೇಕಾದಷ್ಟಿತ್ತು. ಸಿಹಿ ಮಾತ್ರ ನಮ್ಮ ಬೆಲ್ಲದಿಂದಲೇ ಹೋಗಬೇಕು. ನಾನು ತಂಬಿಟ್ಟು ಕಟ್ಟಿಕೊಂಡು ಸೇತುವೆ ದಾಟಿದೆ. ಮನುಷ್ಯರಿಗೆ ಸುಂಕವಿಲ್ಲ, ಕೈಯಲ್ಲಿದ್ದದ್ದಕ್ಕೆ ಮಾತ್ರ. ಮಗಳು ಒಂದು ಉಂಡೆ ಬಾಯಿಗಿಟ್ಟು ಅಗಿದಳು, ಅಗಿದೇ ಅಗಿದಳು, ಕಣ್ಣಲ್ಲಿ ನೀರು ತುಂಬಿಕೊಂಡು "ಚೆನ್ನಾಗೈತೆ ಅವ್ವ" ಎಂದಳು. ಮಣ್ಣು ತಿಂದವಳ ಮುಖ. ಏಳು ತಿಂಗಳಾಗುವ ಹೊತ್ತಿಗೆ ಅವಳ ಕೈಬಳೆಗಳು ಮೊಣಕೈವರೆಗೆ ಸರಿದಾಡುತ್ತಿದ್ದವು. ಅಲ್ಲಿಯ ಸೂಲಗಿತ್ತಿ, ಈ ಮೈಯಲ್ಲಿ ಹೆರಿಗೆ ತಡೆಯೋಕಾಗಲ್ಲ, ಸಿಹಿ ಇರೋ ಕಡೆ ಕರ್ಕೊಂಡು ಹೋಗಿ ಎಂದಳು.

ಹೇಗೂ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಾದದ್ದು. ಕರೆದುಕೊಂಡು ಬರುವುದಕ್ಕೆ ಏನು ಕಷ್ಟ ಎನ್ನುತ್ತೀರಿ. ಕಷ್ಟ ಬೋರ್ಡಿನಲ್ಲಿತ್ತು. ಹೊತ್ತು ತಂದದ್ದಕ್ಕೆಲ್ಲ ಎಂದು ಬರೆದಿತ್ತಲ್ಲ. ನಮ್ಮ ಬೀದಿಯ ಹಾಲಿನವನು ಆಚೆಯಿಂದ ಗಬ್ಬದ ಹಸುವೊಂದನ್ನು ಕೊಂಡು ತಂದಿದ್ದ. ಹಸುವಿಗೆ ಏನೂ ಆಗಲಿಲ್ಲ. ಆಮೇಲೆ ಅದು ಈದ ಕರು ಕತ್ತು ಚಾಚಿ, ಬಾಯಿ ತೆರೆದು, ಹೊಟ್ಟೆ ಒಳಗೆಳೆದುಕೊಂಡು ಕೂಗುತ್ತಿತ್ತು. ಅಂಬಾ ಎನ್ನುವುದು ಮಾತ್ರ ಬರುತ್ತಿರಲಿಲ್ಲ. ಅದು ಕಟ್ಟೆಯ ಹಂಡೆಯಲ್ಲಿತ್ತು. ಈ ಸುದ್ದಿ ಕುಸುಮಾಜಮ್ಮನವರ ಕಿವಿಗೂ ಬಿದ್ದಿತ್ತು.

"ನನ್ನ ಮೊಮ್ಮಗು ಅಳು ಇಲ್ದೆ ಹುಟ್ಬೇಕಾ?" ಎಂದು ಅವರು ನನ್ನನ್ನು ಕೇಳಿದರು.

ಬೀಗಿತ್ತಿಯ ಮಾತಿಗೆ ನಾನು ಉತ್ತರ ಕೊಡದೆ ಬಂದದ್ದು ಅದೇ ಮೊದಲು. ಅಲ್ಲಿದ್ದರೆ ಮಗಳು ಸೊರಗುತ್ತಾಳೆ, ಇಲ್ಲಿಗೆ ಬಂದರೆ ಮಗುವಿನ ದನಿ ಹೋಗುತ್ತದೆ. ಇದರ ನಡುವೆ ನಾನು ತಿದಿ ಒತ್ತುತ್ತ, ಕಂಡಕಂಡವರ ಮೇಲೆ ಹರಿಹಾಯುತ್ತ ಒಂದು ತಿಂಗಳು ಕಳೆದೆ.

ಆಗ ಕಟ್ಟೆಯ ಹಂಡೆಗಳು ಸೋರತೊಡಗಿದವು. ವರ್ಷಗಟ್ಟಲೆ ಹುಳಿಯನ್ನು ತಾಮ್ರದ ಹಂಡೆಯಲ್ಲಿಟ್ಟರೆ ಕಲಾಯಿ ಉಳಿಯುತ್ತದೆಯೆ? ಎಲ್ಲ ತಿಂದುಹೋಗಿ ಹಸಿರು ಕಿಲುಬು ಕಟ್ಟಿತ್ತು. ಸೇತುವೆಯ ಮೇಲೆ ನಡೆದರೆ ಹಲ್ಲು ಚುಳ್ಳೆನ್ನುತ್ತಿತ್ತು, ಕೆಳಗೆ ಹೊಳೆಯ ಮೀನುಗಳು ದಡಕ್ಕೆ ಎಗರಿ ಬೀಳುತ್ತಿದ್ದವು. ಮೂರನೆಯ ದಿನಕ್ಕೆ ರಾಜಧಾನಿಯಿಂದ ಮೇಲಿನವರು ಹಂಡೆ ನೋಡಲು ಬರುವವರಿದ್ದರು. ಗುರುವಯ್ಯ ನನ್ನ ಮನೆಗೇ ಓಡಿ ಬಂದು, ಅಕ್ಕಮ್ಮ ಬೇಗ ಕಲಾಯಿ ಹಾಕು ಎಂದರು. ತವರ ಎಲ್ಲಿದೆ ಎಂದು ಕೇಳಿದೆ. ತವರ ಬರುವುದು ಆಚೆಯಿಂದ. ಹದಿನಾರಾಣೆ ಸುಂಕವಾದ ಮೇಲೆ ಬಂದ ತವರಕ್ಕೆ ಅಂಟುವ ಗುಣವೇ ಇರಲಿಲ್ಲ. ಕಾದ ಪಾತ್ರೆಗೆ ಹಚ್ಚಿದರೆ ತಾವರೆ ಎಲೆಯ ಮೇಲಿನ ನೀರಿನ ಹಾಗೆ ಉರುಳಿಹೋಗುತ್ತಿತ್ತು. ಹಾಗಾದರೆ ಬೋರ್ಡಿನಲ್ಲಿ ಏನು ಬರೆಯಲಿ, ನೀನೇ ಹೇಳು ಎಂದರು. "ತವರದ ಸರಕಿಗೆ ಸುಂಕವಿಲ್ಲ" ಎಂದು ಬರೆಯಿರಿ ಎಂದೆ.

ಮರುದಿನ ಬೆಳಿಗ್ಗೆ ಅವರು ಏಣಿ ಹತ್ತಿ ಬರೆದರು. ಬೋರ್ಡಿನಲ್ಲಿ ಜಾಗ ಎಲ್ಲಿತ್ತು? ದಪ್ಪಕ್ಷರದ ಹದಿನಾರಾಣೆಯೇ ಎಲ್ಲವನ್ನೂ ನುಂಗಿತ್ತು. ಕೆಳಗಿನ ಮೂಲೆಯಲ್ಲಿ ಇಕ್ಕಟ್ಟಾಗಿ ಬರೆಯುತ್ತ ಬರೆಯುತ್ತ, ಅರ್ಥವಾದರೆ ಸಾಕಲ್ಲ ಎಂದು ಒಂದು ಅಕ್ಷರ ಉಳಿಸಿಕೊಂಡರು. ಅದನ್ನು ನೋಡಿದ ಆಚೆಯ ಕಟ್ಟೆಯವನು, ಯಾಕೆ ಏನು ಎಂದು ಕೇಳದೆ, ನಾವೇನು ಕಡಿಮೆ ಎಂದು ತನ್ನ ಬೋರ್ಡಿನ ಮೂಲೆಯಲ್ಲೂ ಹಾಗೇ ಬರೆದುಬಿಟ್ಟ.

ತವರದ ವ್ಯಾಪಾರಿಯ ಗಾಡಿ ಬಂತು. ನಾನು, ಗುರುವಯ್ಯ, ಊರಿನ ಅರ್ಧ ಜನ ಕಾಯುತ್ತ ನಿಂತಿದ್ದೆವು. ಗಾಡಿ ಹೊಸ್ತಿಲು ಏರಿ ಇಳಿಯಿತು. ಬೆಳ್ಳಗೆ ಹೊಳೆಯುತ್ತಿದ್ದ ಕಡ್ಡಿಗಳು ಕಣ್ಣೆದುರಿಗೇ ಬೂದುಬಣ್ಣಕ್ಕೆ ತಿರುಗಿದವು. ಗುರುವಯ್ಯ ಹೊಸ್ತಿಲಿಗೆ ಬಾಯಿಗೆ ಬಂದ ಹಾಗೆ ಬೈದರು, ಒಂದು ಸಲ ಒದ್ದೂ ಬಿಟ್ಟು ಕಾಲು ಹಿಡಿದುಕೊಂಡು ಕೂತರು. ಗಾಡಿಯ ಹಿಂದೆ ತಾಯವ್ವ ಎಂಬ ನಮ್ಮೂರಿನ ಹೆಣ್ಣುಮಗಳು ಹಬ್ಬಕ್ಕೆ ಬರುತ್ತಿದ್ದಳು. ಕಳಿಸಲು ಬಂದ ಗಂಡ ಹೊಸ್ತಿಲ ಮೇಲೆ ನಿಂತು, ಬಳೆ ಯಾರದು ಎಂದರೆ, ಇವಳ ತವರದು ಸ್ವಾಮಿ, ಇವರವ್ವ ಹೋದ ವರ್ಷ ತೊಡಿಸಿದ್ದು ಎಂದ. ತಾಯವ್ವ ದಾಟಿದಳು. ಘಲ್ ಎಂದಿತು.

ಸೇತುವೆಯ ಮೇಲಿದ್ದವರೆಲ್ಲ ಒಟ್ಟಿಗೆ ತಿರುಗಿ ನೋಡಿದೆವು. ಎಷ್ಟು ತಿಂಗಳಾಗಿತ್ತು ಆಚೆಯಿಂದ ಬಂದ ಬಳೆಯ ಸದ್ದು ಕೇಳಿ! ತಾಯವ್ವ ಹೆದರಿ ಕೈ ಮುಚ್ಚಿಕೊಂಡಳು, ಅದು ಇನ್ನೂ ಜೋರಾಗಿ ಘಲ್ಲೆಂದಿತು. ನಾನು ಬೋರ್ಡಿನ ಮೂಲೆಯನ್ನು ಕಣ್ಣು ಕಿರಿದು ಮಾಡಿ ಓದಿದೆ. ತವರ ಸರಕಿಗೆ ಸುಂಕವಿಲ್ಲ. ತವರದ ಅಲ್ಲ, ತವರ. ಉಳಿಸಿಕೊಂಡ ಅಕ್ಷರ "ದ". ಕಲಾಯಿಯ ಲೋಹವನ್ನು ಬಿಟ್ಟು ಹೆಣ್ಣುಮಕ್ಕಳ ತೌರುಮನೆಯನ್ನು ಬರೆದಿಟ್ಟಿದ್ದರು ಈ ಮಹಾನುಭಾವ! ನಗು ಬಂತು, ಅಳು ಬಂತು, ಗುರುವಯ್ಯನನ್ನು ತಬ್ಬಿಕೊಳ್ಳಬೇಕು ಎನಿಸಿತು. ವಿಷಯ ತಿಳಿದ ಕೂಡಲೇ ಅವರು ಕುಂಟುತ್ತಲೇ ಏಣಿಯ ಕಡೆ ಹೊರಟರು, ದ ಸೇರಿಸಲು. ನಾನು ಏಣಿಯನ್ನು ಅಪ್ಪಿ ಹಿಡಿದುಕೊಂಡೆ. ನಿಮಗೆ ಬೇಕಾದದ್ದು ತವರ ತಾನೇ, ನನ್ನ ಮಗಳ ಹತ್ತಿರ ಒಂದು ಗಂಟು ಕಡ್ಡಿ ಇದೆ, ನಾನೇ ಕೊಟ್ಟದ್ದು, ಅದು ತವರದ ಸರಕೂ ಹೌದು, ತವರ ಸರಕೂ ಹೌದು, ಅವಳು ಅದನ್ನು ತರುವವರೆಗೆ ಬೋರ್ಡು ಮುಟ್ಟಬೇಡಿ ಎಂದೆ. ಅವರು ಹಂಡೆಗಳ ಕಡೆ ನೋಡಿದರು, ಹಲ್ಲು ಚುಳ್ಳೆಂದು ಮುಖ ಕಿವುಚಿದರು.

"ನಾಳೆ ಮಧ್ಯಾಹ್ನದವರೆಗೆ," ಎಂದರು.

ನಾನು ಸೇತುವೆಯ ಮೇಲೆ ಓಡಿದ್ದನ್ನು ಈಗಲೂ ಜನ ಆಡಿಕೊಳ್ಳುತ್ತಾರೆ. ಸೆರಗು ಒಂದು ಕಡೆ, ನಾನು ಒಂದು ಕಡೆ. ಅಷ್ಟರಲ್ಲಿ ಊರಿನಲ್ಲಿ ಬುದ್ಧಿವಂತರಿಗೇನು ಬರವೆ? ಒಬ್ಬ ಆಗಲೇ ನಾಲ್ಕು ಮೂಟೆ ಮೆಣಸಿನಕಾಯಿಯನ್ನು ನಾದಿನಿಯ ತಲೆಯ ಮೇಲೆ ಹೊರಿಸಿ, ತವರದು ಎಂದು ಹೇಳಿ ದಾಟಿಸಿದ್ದ. ಖಾರ ಹಾಗೇ ಉಳಿಯಿತು. ಸಂತೆಬೀದಿಯಲ್ಲಿ ಮೂಟೆ ಬಿಚ್ಚಿ, ನಮ್ಮ ಮಾಲು ನೋಡಿ ಬನ್ನಿ ಎಂದು ಕೂಗಿದನಂತೆ. ನಮ್ಮ ಎಂದದ್ದೇ ತಡ, ಖಾರ ಕಟ್ಟೆಯ ಹಂಡೆ ಸೇರಿತು. ಹೊಸ್ತಿಲ ಮೇಲೆ ಆಡಿದ ಮಾತು ಆಮೇಲೂ ನಿಜವಾಗಿಯೇ ಇರಬೇಕು. ಈ ಸುದ್ದಿ ಹೊತ್ತು ತಂದವನು ನನಗಿಂತ ಮೊದಲೇ ಬೀಗರ ಮನೆ ಮುಟ್ಟಿದ್ದ.

ಕುಸುಮಾಜಮ್ಮ ಜಗುಲಿಯ ಮೇಲೆ ಕೂತಿದ್ದರು. ನಾನು ಏದುಸಿರು ಬಿಡುತ್ತ ಎಲ್ಲವನ್ನೂ ಹೇಳಿದೆ. ಅಕ್ಷರ ಬಿಟ್ಟದ್ದು, ಬಳೆ ಘಲ್ಲೆಂದದ್ದು, ನಾಳೆ ಮಧ್ಯಾಹ್ನದವರೆಗೆ ಗಡುವು. ಮರುದೇವಿಯನ್ನು ಕಳಿಸಿಕೊಡುವವರು ನೀವು, ಹೊಟ್ಟೆಯಲ್ಲಿರುವುದು ಯಾರದು ಎಂದು ಕೇಳಿದಾಗ ತವರದು ಎಂದುಬಿಡಿ, ಅಷ್ಟು ಅಂದರೆ ಸಾಕು ಎಂದೆ.

"ಅಂದ್ರೆ ಸಾಕಾ?" ಎಂದರು ಅವರು. "ಅಂದ ಮೇಲೆ ಅದು ನಿಜ ಆಗಿರ್ಬೇಕಲ್ಲ. ನಾಳೆ ನಾನು ಮರೆತು ನಮ್ಮ ಮಗು ಅಂದ್ರೆ ಅದರ ದನಿ ಹೋಗುತ್ತೆ. ಮನಸ್ಸಿನಲ್ಲಿ ಅಂದ್ಕೊಂಡ್ರೂ ಹೋಗುತ್ತೆ."

ನಾನು ಜಗಳಕ್ಕೆ ಸಿದ್ಧವಾಗಿ ಹೋದವಳು. ಹೋಳಿಗೆಯ ಮಾತು, ಕಲಾಯಿಯೋರು ಎಂದ ಮಾತು, ಎಲ್ಲ ನಾಲಿಗೆಯ ತುದಿಯಲ್ಲೇ ಇದ್ದವು. ಆದರೆ ಆ ಹೆಂಗಸಿನ ಮುಖ ನೋಡಿ ಅವರ ಪಕ್ಕದಲ್ಲೇ ಕೂತುಬಿಟ್ಟೆ. ಒಬ್ಬನೇ ಮಗ ಅವರಿಗೆ, ಮೊದಲ ಮೊಮ್ಮಗು. ಒಳಗೆ ತೊಟ್ಟಿಲಿಗೆ ಬಣ್ಣ ಬಳಿದು ಒಣಗಲು ಇಟ್ಟಿದ್ದು ಕಾಣುತ್ತಿತ್ತು. ಅವರು ಆಯಿತು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ರಾತ್ರಿಯಿಡೀ ನಾನು ಮಗಳ ಕಾಲು ಒತ್ತುತ್ತ ಕೂತಿದ್ದೆ.

ಬೆಳಿಗ್ಗೆ ಅವರೇ ಸೊಸೆಗೆ ತಲೆ ಬಾಚಿ ಹೂ ಮುಡಿಸಿ ಹೊರಡಿಸಿದರು. ಸೇತುವೆಯ ಎರಡೂ ಬದಿಗೆ ಜನ ಕಿಕ್ಕಿರಿದಿದ್ದರು. ಮರುದೇವಿ ಕೈಯಲ್ಲಿ ತವರದ ಗಂಟು ಹಿಡಿದು ನಿಂತಳು, ಕುಸುಮಾಜಮ್ಮ ಹೊಸ್ತಿಲ ಮೇಲೆ ಹತ್ತಿದರು, ನಾನು ಈಚೆಗೆ ಬಂದು ಕೈ ಮುಗಿದುಕೊಂಡು ನಿಂತೆ. ನಾನು ಕೈ ಮುಗಿದದ್ದು ಯಾರಿಗೆ ಎಂದು ನನಗೇ ಗೊತ್ತಿಲ್ಲ.

ಗುರುವಯ್ಯ ಗಂಟು ಯಾರದು ಎಂದು ಕೇಳಿದರು. ತವರದು ಎಂದರು ಬೀಗಿತ್ತಿ. ಉಟ್ಟ ಸೀರೆ ಯಾರದು ಎಂದರು. ಅದೂ ತವರದೇ.

"ಹೊತ್ತಿರೋದು ಯಾರದು?"

ಕುಸುಮಾಜಮ್ಮ ಹೊಳೆಯನ್ನು ನೋಡಿದರು. ಬೋರ್ಡನ್ನು ನೋಡಿದರು. ಆಮೇಲೆ ಸೊಸೆಯ ಕೋಲಿನಂತಹ ಕೈ ನೋಡಿದರು.

"ತವರದು," ಎಂದರು. ಯಾರೂ ಕೇಳದಿದ್ದರೂ ಸೇರಿಸಿದರು, "ಹದಿನಾರಾಣೆ ತವರದು."

ಮರುದೇವಿ ಹೊಸ್ತಿಲು ದಾಟಿ ನನ್ನ ಕೈಗೆ ಬಂದಳು. ಗಂಟು ಬಿಚ್ಚಿ ನೋಡಿದರೆ ಕಡ್ಡಿಗಳು ಬೆಳ್ಳಗೆ ಥಳಥಳಿಸುತ್ತಿದ್ದವು. ಜನ ಕೇಕೆ ಹಾಕಿದರು. ಈ ಸಲ ನಾನು ಕೇಕೆ ಹಾಕಲಿಲ್ಲ. ಹಿಂತಿರುಗಿ ನೋಡಿದಾಗ ಬೀಗಿತ್ತಿ ಆಗಲೇ ಹೊಸ್ತಿಲು ಇಳಿದು ಬೆನ್ನು ಹಾಕಿ ನಡೆಯುತ್ತಿದ್ದರು.

ಅಂದೇ ಹಂಡೆಗಳಿಗೆ ಬೆಂಕಿಯಿಟ್ಟು ಕಲಾಯಿ ಹಾಕಿದೆ. ಗುರುವಯ್ಯ ಬೋರ್ಡಿನಲ್ಲಿ ಹೇಗೋ ಜಾಗ ಮಾಡಿ ದ ತುರುಕಿದರು. ಮೇಲಿನವರು ಬಂದರು, ಹಂಡೆಗಳಲ್ಲಿ ತಮ್ಮ ಮುಖ ನೋಡಿಕೊಂಡು ಸಂತೋಷಪಟ್ಟು ಹೋದರು. ಆಚೆಯ ಬೋರ್ಡಿನ ಮೂಲೆಯಲ್ಲಿ ಮಾತ್ರ ಆ ಸಾಲು ದ ಇಲ್ಲದೆ ಹಾಗೇ ಉಳಿಯಿತು. ಅವರಿಗೆ ತವರ ಬೇಕಿರಲಿಲ್ಲ. ಅದು ಯಾಕೆ ಬರೆದದ್ದು ಎಂದೇ ಗೊತ್ತಿಲ್ಲದ ಮೇಲೆ ಅಳಿಸುವವರಾದರೂ ಯಾರು.

ಮಗಳಿಗೆ ತಂಬಿಟ್ಟು, ಪಾಯಸ, ಬೆಲ್ಲದ ಪಾನಕ. ಒಂದು ತಿಂಗಳಲ್ಲಿ ಬಳೆಗಳು ಮಣಿಕಟ್ಟಿನಲ್ಲಿ ನಿಂತವು. ದಿನ ತುಂಬಿ ಒಂದು ಮಧ್ಯಾಹ್ನ ಹೆರಿಗೆಯಾಯಿತು. ಹೆಣ್ಣುಮಗು. ಸೂಲಗಿತ್ತಿ ಮಗುವನ್ನು ಎತ್ತಿ ಹಿಡಿದಳು. ಮಗು ಬಾಯಿ ತೆರೆಯಿತು, ಮುಖ ಕೆಂಪಾಯಿತು, ಹೊಟ್ಟೆ ಒಳಗೆ ಹೋಯಿತು. ಏನೂ ಇಲ್ಲ. ನನ್ನ ಕಣ್ಣ ಮುಂದೆ ಹಾಲಿನವನ ಕರು ಬಂದು ನಿಂತಿತು. ಸೂಲಗಿತ್ತಿ ಬೆನ್ನಿಗೆ ಒಂದು ತಟ್ಟಿದಳು.

ಆಮೇಲೆ ಅತ್ತಳು ನೋಡಿ! ಅಟ್ಟದ ಮೇಲಿನ ಪಾತ್ರೆಗಳು ಗುಂಯ್‌ಗುಟ್ಟಿದವು. ಬೀದಿಯವರು ಬಾಗಿಲಿಗೆ ಬಂದರು. ನಾನು ಸಂಭ್ರಮ ತಡೆಯಲಾರದೆ ಹಿತ್ತಿಲಿಗೆ ಓಡಿದೆ. ಎದುರು ದಂಡೆಯಲ್ಲಿ ಕುಸುಮಾಜಮ್ಮ ನಿಂತಿದ್ದರು. ದಿನಾ ನಿಲ್ಲುತ್ತಿದ್ದರಂತೆ, ನಾನು ಗಮನಿಸಿರಲಿಲ್ಲ. ಅಷ್ಟು ಜೋರು ಅಳು ಹೊಳೆಯ ಅರ್ಧಕ್ಕೆ ಹೋಗಿ ಸತ್ತುಹೋಗುತ್ತಿತ್ತು, ಅವರಿಗೆ ಒಂದು ಚೂರೂ ಮುಟ್ಟುತ್ತಿರಲಿಲ್ಲ. ನಾನು ತಲೆ ಹಿಂದಕ್ಕೆ ಹಾಕಿ, ಬಾಯಿ ಅಗಲಕ್ಕೆ ತೆರೆದು, ಎರಡೂ ಮುಷ್ಟಿ ಬಿಗಿದು ಅಲ್ಲಾಡಿಸಿ, ಮಗು ಹೇಗೆ ಅಳುತ್ತಿದೆ ಎಂದು ಮಾಡಿ ತೋರಿಸಿದೆ. ಐವತ್ತು ದಾಟಿದ ಹೆಂಗಸು ಹಿತ್ತಿಲಲ್ಲಿ ಹಾಗೆ ಕುಣಿಯುವುದನ್ನು ನೋಡಿ ಪಕ್ಕದ ಮನೆಯವರು ಗಾಬರಿಯಾದರು. ಬೀಗಿತ್ತಿಗೆ ಅರ್ಥವಾಯಿತು. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟರು. ನೋಡಲು ಬನ್ನಿ ಎಂದು ಎಷ್ಟು ಸಲ ಹೇಳಿ ಕಳಿಸಿದೆ. ಅವರು ಬರಲಿಲ್ಲ. ಎತ್ತಿಕೊಂಡರೆ ನಮ್ಮದು ಎನಿಸಿಬಿಡುತ್ತದೆ ಎಂಬ ಭಯ.

ಐದು ತಿಂಗಳು ಮಗು ನಮ್ಮ ಮನೆಯಲ್ಲಿ ಬೆಳೆಯಿತು. ನಾನು ಅವಳನ್ನು ಗಂಟೆ ಎಂದೇ ಕರೆಯುತ್ತಿದ್ದೆ, ಅಂಥ ದನಿ. ತಿದಿ ಒತ್ತಿದರೆ ನಗುತ್ತಿದ್ದಳು, ನಿಲ್ಲಿಸಿದರೆ ಕಿರುಚುತ್ತಿದ್ದಳು. ಮರುದೇವಿ ಗಂಡನ ಮನೆಗೆ ಹೊರಡುವ ದಿನ ಹತ್ತಿರ ಬಂದಂತೆ ನನ್ನ ಎದೆಯಲ್ಲಿ ಒಂದು ಕೆಟ್ಟ ಆಸೆ ಹುಟ್ಟಿಕೊಂಡಿತು, ಮುಚ್ಚಿಡುವುದೇಕೆ. ಬೀಗಿತ್ತಿಯೇ ಹದಿನಾರಾಣೆ ತವರದು ಎಂದಿದ್ದಾರೆ, ಊರೆಲ್ಲ ಕೇಳಿದೆ, ಮಗುವನ್ನು ಇಲ್ಲೇ ಉಳಿಸಿಕೊಂಡರೆ ಯಾರೂ ಏನೂ ಅನ್ನುವಂತಿಲ್ಲ. ಕಳಿಸಿದರೆ ಆಚೆಯ ಬೋರ್ಡು ಹದಿನಾರಾಣೆ ಕೇಳುತ್ತದೆ. ಒಂದೇ ಒಂದು ದಾರಿ ಆ ಬೋರ್ಡಿನ ಮೂಲೆಯಲ್ಲಿತ್ತು, ತವರ ಸರಕಿಗೆ ಸುಂಕವಿಲ್ಲ ಎಂದು. ಹೆಣ್ಣುಮಗುವಿಗೆ ತವರು ಯಾವುದು? ಅಪ್ಪನ ಮನೆ. ಅದು ಮರುದೇವಿಯ ತವರಲ್ಲ, ಈ ಮಗುವಿನ ತವರು. ಹಾಗೆಂದು ಹೊಸ್ತಿಲ ಮೇಲೆ ನಾನು ಹೇಳಬೇಕು, ಹೇಳಿದ ಮೇಲೆ ನನ್ನ ಮನಸ್ಸಿನಲ್ಲೂ ಅದು ನಿಜವಾಗಿರಬೇಕು. ಹೊಸ ಮಾತು ಬಿದ್ದರೆ ಬೀಗಿತ್ತಿಯ ಹಳೆಯ ಮಾತಿನ ಕಟ್ಟು ಅಲ್ಲಿಗೆ ತೀರುತ್ತದೆ.

ಹೊರಡುವ ದಿನವೂ ಜನ ಸೇರಿದ್ದರು. ಮರುದೇವಿ ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಂತಳು. ಆಚೆ ತುದಿಯಲ್ಲಿ ಕುಸುಮಾಜಮ್ಮ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು, ಇನ್ನೂ ಮುಟ್ಟುವ ಹಕ್ಕಿಲ್ಲದವರ ಹಾಗೆ. ನಾನು ಹೊಸ್ತಿಲು ಹತ್ತಿದೆ. ಆಚೆಯ ಕಟ್ಟೆಯವನು ಕೇಳಿದ.

"ಮಗು ಯಾರದು?"

ಮಗು ನನ್ನ ಮೂಗುಬೊಟ್ಟಿಗೆ ಕೈ ಚಾಚಿತು. ಬೀಗಿತ್ತಿ ಅಂದು ಇದೇ ಕಲ್ಲಿನ ಮೇಲೆ ಎಷ್ಟು ಹೊತ್ತು ನಿಂತಿದ್ದರು ಎನ್ನುವುದು ನನಗೆ ಈಗ ತಿಳಿಯಿತು.

"ತವರದು," ಎಂದೆ. ಆಮೇಲೆ ಬೀಗಿತ್ತಿಗೂ ಕೇಳಿಸುವ ಹಾಗೆ ಹೇಳಿದೆ, "ಹದಿನಾರಾಣೆ ತವರದು."

ಮರುದೇವಿ ಆಚೆಗೆ ಇಳಿದಳು. ನಾನು ಈಚೆಗೆ ಇಳಿದೆ. ತಿರುಗಿ ನೋಡಿದರೆ ಮಗು ಅಮ್ಮನ ಹೆಗಲ ಮೇಲಿಂದ ನನ್ನ ಕಡೆಗೆ ಎರಡೂ ಕೈ ಚಾಚಿ, ಮುಖ ಕೆಂಪಗೆ ಮಾಡಿ, ಬಾಯಿ ತೆರೆದಿತ್ತು. ಸದ್ದಿಲ್ಲ. ಗಾಳಿ ಹೊತ್ತು ತಂದದ್ದಕ್ಕೆ ಸುಂಕ ಬಿದ್ದಿತೋ, ಮಗುವಿಗೇ ಬಿದ್ದಿತೋ ಇಲ್ಲಿಂದ ತಿಳಿಯುವಂತಿರಲಿಲ್ಲ. ನಾನು ಮನಸ್ಸಿನಲ್ಲಿ ಒಂದು ಕಾಳಿನಷ್ಟಾದರೂ ನಮ್ಮದು ಎಂದುಕೊಂಡೆನೇ? ಎಂದುಕೊಂಡಿದ್ದರೆ? ನಾನು ಕುಸುಮಾಜಮ್ಮನವರನ್ನು ನೋಡಿದೆ.

ಅವರು ಮಗುವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಎದೆಗೆ ಒತ್ತಿಕೊಂಡರು. ಆಮೇಲೆ ನನ್ನ ನೆನಪಾಯಿತು ಎಂದು ಕಾಣುತ್ತದೆ. ಮಗುವನ್ನು ಮಗನ ಕೈಗೆ ಕೊಟ್ಟು, ನನ್ನ ಕಡೆಗೆ ತಿರುಗಿ ನಿಂತು, ಆ ಗತ್ತಿನ ಹೆಂಗಸು, ಎರಡು ದೇಶಗಳ ಜನರೆದುರಿಗೆ, ತಲೆ ಹಿಂದಕ್ಕೆ ಹಾಕಿ, ಬಾಯಿ ಅಗಲಕ್ಕೆ ತೆರೆದು, ಎರಡೂ ಮುಷ್ಟಿ ಬಿಗಿದು ಅಲ್ಲಾಡಿಸಿದರು.

ನಾನು ಅಲ್ಲೇ ಚಪ್ಪಾಳೆ ತಟ್ಟಿ ಕುಣಿದೆ. ಏಣಿಯ ಮೇಲಿದ್ದ ಗುರುವಯ್ಯ, ಏನಾಯ್ತಮ್ಮ, ಯಾಕೆ ಕುಣೀತಿದ್ದೀಯ ಎಂದು ಕೇಳಿದರು.

"ಅಳ್ತಿದಾಳಂತೆ ಗುರುವಯ್ಯ," ಎಂದೆ. "ಬಹಳ ಜೋರಾಗಿ ಅಳ್ತಿದಾಳಂತೆ."